ಮೂಲೆ ಮೇಜಿನ ನಗು

ಹೊರಗಿನ ಬಿಸಿಲಿನಿಂದ ಒಳಗೆ ಬಂದವರಿಗೆ ಮೊದಲು ಏನೂ ಕಾಣುವುದಿಲ್ಲ. ಬಾಗಿಲ ಹತ್ತಿರವೇ ನಿಂತು, ಕಣ್ಣು ಕಿರಿದು ಮಾಡಿ, ಕೈಯನ್ನು ಸ್ವಲ್ಪ ಮುಂದೆ ಚಾಚಿ, ಆಳ ಗೊತ್ತಿಲ್ಲದ ನೀರಿಗೆ ಇಳಿಯುವವರ ಹಾಗೆ ಹೆಜ್ಜೆ ಇಡುತ್ತಾರೆ. ಎಂಥ ದೊಡ್ಡ ಮನುಷ್ಯನಾದರೂ ಅಷ್ಟು ಹೊತ್ತು ಕುರುಡನೇ. ಬಾರಿನ ಕೆಲಸದಲ್ಲಿ ಅವಳಿಗೆ ಹಿಡಿಸಿದ್ದು ಏನಾದರೂ ಇದ್ದರೆ ಇದೊಂದು, ಅವರು ತನ್ನನ್ನು ನೋಡುವ ಮೊದಲೇ ತಾನು ಅವರನ್ನು ನೋಡಿಬಿಡಬಹುದು. ಯಾರು ಬೇರೆ ಕಡೆ ಕುಡಿದೇ ಬಂದಿದ್ದಾರೆ, ಯಾರು ಮನೆಯಲ್ಲಿ ಜಗಳವಾಡಿ ಬಂದಿದ್ದಾರೆ, ಲೋಟ ಇಡುವಾಗ ಯಾರ ಬೆರಳು ತನ್ನ ಬೆರಳಿಗೆ ತಾಗುವಂತೆ ಸರಿಯುತ್ತದೆ ಎಂಬುದೆಲ್ಲ ಆ ಹೊತ್ತಿನಲ್ಲೇ ಗೊತ್ತಾಗುತ್ತದೆ. ಆಮೇಲೆ ಅವರ ಕಣ್ಣು ಮಬ್ಬಿಗೆ ಹೊಂದಿಕೊಳ್ಳುತ್ತದೆ. ಆಮೇಲೆ ನೋಡುವ ಸರದಿ ಅವರದು.

ಆ ಮಧ್ಯಾಹ್ನ ಬಂದದ್ದು ಯಾವುದೋ ಆಫೀಸಿನ ಗುಂಪು. ಮುಂದೆ ದಪ್ಪಗಿನ ಒಬ್ಬ, ಕುರುಡುತನಕ್ಕೂ ಹೆದರದೆ ಮೇಜು ಕುರ್ಚಿಗಳೇ ತನಗೆ ದಾರಿ ಬಿಡಬೇಕು ಎನ್ನುವ ಹಾಗೆ ನಡೆದು ಬಂದ. ಅವನ ಹಿಂದೆ ಗಡ್ಡದವನೊಬ್ಬ, ಇನ್ನೂ ಕೆಲವರು. ಎಲ್ಲರಿಗಿಂತ ಹಿಂದೆ, ತನ್ನದಲ್ಲವೆಂದು ನೋಡಿದರೇ ಗೊತ್ತಾಗುವ ಒಂದು ಚರ್ಮದ ಚೀಲವನ್ನು ಎದೆಗೆ ಅವಚಿಕೊಂಡು, ಬಾಗಿಲು ದಢಾರೆನ್ನದಂತೆ ಮೊಣಕೈಯಿಂದ ತಡೆದು ಮುಚ್ಚುತ್ತಿದ್ದವನು ಅಣ್ಣ. ಮುಖ ಕಾಣುವ ಮೊದಲೇ ಕತ್ತು ಬಾಗಿದ ರೀತಿಯಲ್ಲಿ ಗುರುತು ಸಿಕ್ಕಿತು. ಮನೆಯಲ್ಲಿ ಆ ಕತ್ತು ಹಾಗೆ ಬಾಗುವುದಿಲ್ಲ. ಆದರೂ ಅದು ಅವನದೇ ಎಂದು ಹೇಗೆ ತಿಳಿಯಿತೆಂದು ಅವಳಿಗೇ ಸೋಜಿಗವಾಯಿತು.

ಸಮಯವಿತ್ತು. ಪಕ್ಕದಲ್ಲೇ ಜೊತೆಗೆ ಕೆಲಸ ಮಾಡುವ ಉದ್ದಕ್ಕ ನಿಂತು ಲೋಟ ಒರೆಸುತ್ತಿದ್ದಳು. ಎತ್ತರಕ್ಕೆ ಇದ್ದುದರಿಂದ ಅವಳಿಗೆ ಆ ಹೆಸರು, ನಿಜವಾದ ಹೆಸರನ್ನು ಯಜಮಾನನೂ ಮರೆತಿದ್ದ. ಆ ಮೂಲೆ ಮೇಜು ನೀನು ನೋಡ್ಕೋ ಎಂದಿದ್ದರೆ ಸಾಕಿತ್ತು. ಇದಕ್ಕಿಂತ ಸಣ್ಣ ಕಾರಣಗಳಿಗೆ ಅವರಿಬ್ಬರೂ ಮೇಜು ಬದಲಾಯಿಸಿಕೊಂಡಿದ್ದುಂಟು. ಅಡುಗೆ ಕೋಣೆಗೆ ಹೋಗಿ ಈರುಳ್ಳಿ ಹೆಚ್ಚುತ್ತಾ ನಿಲ್ಲಬಹುದಿತ್ತು. ಅವಳು ಹೋಗಲಿಲ್ಲ. ಕಾಲು ಕಿತ್ತಿಡಲಾಗಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು, ಅದು ಸುಳ್ಳೆಂದು ಹೇಳಿಕೊಳ್ಳುವಾಗಲೇ ಗೊತ್ತಿತ್ತು. ತನ್ನನ್ನು ಕಂಡಾಗ ಅವನ ಮುಖ ಏನು ಮಾಡುತ್ತದೆಂದು ನೋಡಬೇಕಿತ್ತು, ಅಷ್ಟೇ. ಅವಳು ಈ ಕೆಲಸಕ್ಕೆ ಸೇರಿದ ದಿನ ಅವನು ಮನೆಯಲ್ಲಿ ಕುರ್ಚಿಯ ಮೇಲೆ ಹತ್ತಿ ನಿಂತು ಬಲ್ಬು ಹಾಕುತ್ತಿದ್ದ. ಕೆಳಗೆ ನಿಂತು ವಿಷಯ ಹೇಳಿದವಳ ಕಡೆ ತಿರುಗದೆಯೇ, "ಯಾವ ಬಾರು, ಎಲ್ಲಿ ಅಂತ ನಂಗೆ ಹೇಳ್ಬೇಡ. ಗೊತ್ತಾದ್ರೆ ಆ ರಸ್ತೇಲಿ ಓಡಾಡೋಕಾಗಲ್ಲ," ಅಂದಿದ್ದ. ಅವಳು ಹೇಳಿರಲಿಲ್ಲ. ಯಾವ ರಸ್ತೆಯನ್ನು ತಪ್ಪಿಸಬೇಕೆಂದು ತಿಳಿಯದವನು ಈಗ ತಾನಾಗಿಯೇ ಒಳಗೆ ಬಂದಿದ್ದ. ಮನೆಯಲ್ಲಿ ಬಾರು ಎಂಬ ಶಬ್ದವನ್ನು ಯಾರೂ ಆಡುವುದಿಲ್ಲ. ಅಮ್ಮ ಅಕ್ಕಪಕ್ಕದವರಿಗೆ ಕ್ಯಾಂಟೀನು ಅನ್ನುತ್ತಾಳೆ. ಅತ್ತಿಗೆ ಅದಕ್ಕೂ ಹೋಗುವುದಿಲ್ಲ. "ನಿಮ್ಮ ಅದಕ್ಕೆ ಹೊತ್ತಾಯ್ತಲ್ವಾ?" ಅನ್ನುತ್ತಾಳೆ, ಯಾವುದೋ ಕಾಯಿಲೆಯ ಬಗ್ಗೆ ಕೇಳಿದ ಹಾಗೆ.

ದಪ್ಪಗಿನವನನ್ನು ಎಲ್ಲರೂ ಸಾಹೇಬ್ರು ಅನ್ನುತ್ತಿದ್ದರು. ಅವನಿಗೆ ಬಡ್ತಿ ಸಿಕ್ಕಿತ್ತು, ಅದಕ್ಕೆ ಈ ಪಾರ್ಟಿ. ಅವನು ಗೋಡೆಗೆ ಬೆನ್ನು ಕೊಟ್ಟು ಕೂತ, ಉಳಿದವರು ಅವನಿಗೆ ತಮ್ಮ ಮುಖ ಕಾಣುವಂತೆ ಕೂತರು. ಅಣ್ಣನಿಗೆ ಸಿಕ್ಕಿದ್ದು ಓಡಾಡುವ ದಾರಿಗೆ ಚಾಚಿಕೊಂಡಿದ್ದ ಕೊನೆಯ ಕುರ್ಚಿ. ಚೀಲವನ್ನು ಕೆಳಗಿಡದೆ ತೊಡೆಯ ಮೇಲೆ ಇಟ್ಟುಕೊಂಡ. ಅವಳು ಹೋಗಿ ಅವನ ಹೆಗಲಿನ ಪಕ್ಕದಲ್ಲಿ ನಿಲ್ಲಬೇಕಾಯಿತು, ಬೇರೆ ಜಾಗವಿರಲಿಲ್ಲ. "ಏನು ಕೊಡ್ಲಿ ಸರ್?" ಅಂದಳು. ಅಣ್ಣ ತಲೆಯೆತ್ತಿದ. ಅವನ ಮುಖ ಏನೂ ಮಾಡಲಿಲ್ಲ. ಒಂದು ರೇಖೆಯೂ ಅಲುಗಲಿಲ್ಲ, ಕಣ್ಣು ಅವಳ ಮೇಲೆ ಬಂದು, ಬೆಲೆಪಟ್ಟಿಯ ಮೇಲೆ ಹೋಗಿ, ಅಲ್ಲೇ ನಿಂತಿತು. ಬಲಗಿವಿ ಮಾತ್ರ ಬುಡದಿಂದ ಮೇಲಕ್ಕೆ ನಿಧಾನವಾಗಿ ಕೆಂಪಾಯಿತು. ಚಿಕ್ಕಂದಿನಲ್ಲೂ ಹಾಗೆಯೇ. ಅಪ್ಪ ಬೈದರೆ ಅಳುತ್ತಿರಲಿಲ್ಲ, ಕಿವಿ ಕೆಂಪಾಗುತ್ತಿತ್ತು. ಅವಳು ಅದನ್ನು ಮುಟ್ಟಿ ನೋಡಿ ಬಿಸಿ ಬಿಸಿ ಎಂದು ಕೂಗುತ್ತಾ ಓಡುತ್ತಿದ್ದಳು.

ಎಲ್ಲರ ಪರವಾಗಿಯೂ ಸಾಹೇಬನೇ ಹೇಳಿದ. ಕೊನೆಗೆ ಅಣ್ಣನ ಸರದಿ ಬಂದಾಗ ಅಣ್ಣ ಅವಸರದಲ್ಲಿ, "ನಂಗೊಂದು ಸೋಡಾ ಕೊಡಿ. ಸಾಕು," ಅಂದುಬಿಟ್ಟ.

"ಕೊಡಿ!" ಸಾಹೇಬ ಮೇಜು ಕುಟ್ಟಿದ. "ಏನ್ರೀ ಇದು? ಡಾಕ್ಟ್ರ ಹತ್ರ ಔಷಧಿ ಕೇಳ್ತಿದ್ದೀರಾ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಅದು ಕೆಲಸದ ನಗು, ಕೆಲಸದ ಅಂಗಿಯ ಜೊತೆಗೇ ಹಾಕಿಕೊಳ್ಳುವಂಥದು. ತುಟಿಯಿಂದ ಕೆಳಗೆ ಇಳಿಯುವುದಿಲ್ಲ. ಹುಟ್ಟಿದಾಗಿನಿಂದ ಅಣ್ಣ ಅವಳನ್ನು ಬಾರೇ, ಹೋಗೇ, ಕೊಡೇ ಎಂದೇ ಕರೆದವನು. ಬಹುವಚನ ಅವನ ಬಾಯಿಂದ ಅವಳಿಗೆ ಬಂದದ್ದು ಇದೇ ಮೊದಲು. ಗುರುತಿಲ್ಲದವಳಾಗಿದ್ದಕ್ಕೆ ಸಿಕ್ಕ ಮರ್ಯಾದೆ ಅದು. ಆ ಮೇಜಿನಲ್ಲಿ ಕೊಡಿ ಎಂದವನು ಅವನೊಬ್ಬನೇ, ಉಳಿದವರೆಲ್ಲ ತಾರಮ್ಮ, ಹಾಕಮ್ಮ, ಇಲ್ಲಿ ಬಾ. ಗಡ್ಡದವನಂತೂ ಅದನ್ನೂ ಅನ್ನುತ್ತಿರಲಿಲ್ಲ. ಬೆರಳು ಚಿಟಿಕೆ ಹೊಡೆಯುತ್ತಿದ್ದ, ಇಲ್ಲವೇ ಖಾಲಿ ಲೋಟವನ್ನು ಹೆಗಲ ಮೇಲೆ ಹಿಂದಕ್ಕೆ ಎತ್ತಿ ಹಿಡಿದು ಮಾತು ಮುಂದುವರಿಸುತ್ತಿದ್ದ, ಯಾವುದೋ ಕೈ ಬಂದು ಅದನ್ನು ತುಂಬಿಸುತ್ತದೆ ಎಂಬ ನಂಬಿಕೆಯಲ್ಲಿ. ಕೈ ಬರುತ್ತಿತ್ತು.

"ಸೋಡಾ ಅಂತೆ ಸೋಡಾ. ಇವ್ರಿಗೂ ಒಂದು ಹಾಕಮ್ಮ, ದೊಡ್ಡದೇ," ಎಂದ ಸಾಹೇಬ. ಅವಳು ತಂದು ಅಣ್ಣನ ಮುಂದೆ ಇಟ್ಟಳು. ಇಡುವಾಗ ಅವನ ಬೆರಳು ಮೇಜಿನ ಅಂಚಿನಿಂದ ಹಿಂದಕ್ಕೆ ಸರಿಯಿತು, ತಾಗದಂತೆ. ಬೇರೆಯವರು ಹೀಗೆ ಸರಿಸಿದರೆ ಒಳ್ಳೆಯ ಗಿರಾಕಿ ಎಂದುಕೊಳ್ಳುತ್ತಿದ್ದಳು. ಅವನು ಸಾಹೇಬನ ಕಡೆ ಒಮ್ಮೆ ನೋಡಿ, ಉಸಿರು ಬಿಗಿಹಿಡಿದು, ಅರ್ಧ ಲೋಟ ಕುಡಿದ. ಮನೆಯಲ್ಲಿ ನೀರಿನ ಲೋಟದ ಹೊರಗೆ ತೇವವಿದ್ದರೆ ಒರೆಸಿಕೊಡಬಾರದೇ ಎಂದು ಅತ್ತಿಗೆಯನ್ನು ಗದರಿಸುವವನು ಇವನೇ. ಅವನು ಒಳಗೆ ಬಂದರೆ ರೇಡಿಯೊ ಸಣ್ಣದಾಗುತ್ತದೆ, ಅಮ್ಮ ಕಾಲು ಮಡಚಿಕೊಳ್ಳುತ್ತಾಳೆ, ಅವನ ಕುರ್ಚಿಯಲ್ಲಿ ಕೂತವರು ಏಳುತ್ತಾರೆ. ಆ ಮನೆಯಲ್ಲಿ ಅವನೇ ಸಾಹೇಬ. ಇವತ್ತು ಇಲ್ಲಿ ಸಾಹೇಬನ ತಟ್ಟೆಯ ಕಡಲೆಬೀಜದ ಸಿಪ್ಪೆ ಅವನ ಮುಂದೆ ಬಂದು ಬೀಳುತ್ತಿತ್ತು. ಅವನು ಅದನ್ನು ಅಂಗೈಯಿಂದ ಮೆಲ್ಲಗೆ ಗುಡ್ಡೆ ಮಾಡುತ್ತಿದ್ದ, ಅದೂ ತನ್ನ ಕೆಲಸಕ್ಕೆ ಸೇರಿದ್ದೇ ಎನ್ನುವ ಹಾಗೆ. ಅವಳು ಪಕ್ಕದ ಖಾಲಿ ಮೇಜನ್ನು ಒರೆಸಿದಳು. ಅದು ಆಗಲೇ ಒರೆಸಿದ ಮೇಜು.

"ಎಲ್ಲಿ, ಆ ಮುದುಕೀದು ಮಾಡ್ರೀ," ಎಂದ ಸಾಹೇಬ ಅಣ್ಣನಿಗೆ.

"ಬೇಡ ಸರ್. ಇವತ್ತು ಗಂಟಲು ಸರಿ ಇಲ್ಲ."

"ಗಂಟ್ಲಿಗೆ ತಾನೇ ಹಾಕ್ತಾ ಇರೋದು!"

ಗಡ್ಡದವನು ಹೊಸಬನೊಬ್ಬನ ಕಡೆ ಬಾಗಿ, "ಇದನ್ನ ಕೇಳ್ಲೇಬೇಕು ನೀನು. ಒಬ್ಳು ಮುದುಕಿ ಮಗನಿಗೆ ಫೋನ್ ಮಾಡೋದು. ಹೊಟ್ಟೆ ಹುಣ್ಣಾಗುತ್ತೆ," ಅಂದ. ಹಾಗಾದರೆ ಇದು ಇವತ್ತಿನದಲ್ಲ, ಆಫೀಸಿನಲ್ಲಿ ಇದಕ್ಕೊಂದು ಹೆಸರಿದೆ, ಕೇಳಿ ಕೇಳಿ ಮಾಡಿಸುತ್ತಾರೆ ಎಂದು ಅವಳು ಒರೆಸುತ್ತಲೇ ಅಂದುಕೊಂಡಳು. ಅಣ್ಣ ಇನ್ನೂ ಅಣಕು ಮಾಡುತ್ತಾನೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಅಣ್ಣ ಗಂಟಲು ಸರಿಮಾಡಿಕೊಂಡ. ಆಮೇಲೆ ಮೂಲೆಯಿಂದ ಅಮ್ಮ ಮಾತಾಡಿದಳು.

"ಅಲ್ಲಪ್ಪಾ... ಊಟ ಮಾಡಿದ್ಯೇನಪ್ಪಾ... ನಂದೇನು ಬಿಡು, ಈ ಹಾಳು ಹಲ್ಲು... ನಾನು ಥತ್ರೆ ನಿಮಗೆಲ್ಲ ಥಲೀಥು..." ಮಾತಿಗೆ ಮೊದಲು ಎಳೆದುಕೊಳ್ಳುವ ಆ ಉಸಿರು, ಮುಂದಿನ ಹಲ್ಲು ಬಿದ್ದ ಮೇಲೆ ನಾಲಿಗೆ ಹೊರಗೆ ಜಾರಿ ಥಕಾರವಾಗುವ ಸಕಾರ, ಸಾವಿನ ಮಾತಾಡಿ ಮುಗಿಸುವ ಮೊದಲೇ ಧ್ವನಿಗೆ ಬೆಣ್ಣೆ ಹಚ್ಚಿಕೊಂಡು, "ಬರ್ತಾ ಬಾಳೆಹಣ್ಣು ತರ್ತೀಯಾಪ್ಪಾ? ಮೆತ್ತಗಿರೋದು?"

ಅವಳು ನಕ್ಕುಬಿಟ್ಟಳು. ಕೆಲಸದ ನಗುವಲ್ಲ, ಎಲ್ಲಿತ್ತೋ ಏನೋ, ಹೊಟ್ಟೆಯ ತಳದಿಂದ ಎದ್ದು ಮೂಗಿನಲ್ಲಿ ಬಂತು, ಕೈಯಲ್ಲಿದ್ದ ತಟ್ಟೆಯ ಲೋಟಗಳು ಕಿಣಿಕಿಣಿ ಎಂದವು. ಅಮ್ಮನನ್ನು ಹೀಗೆ ಬೀದಿಗೆ ತಂದು ನಿಲ್ಲಿಸಿದ್ದಾನಲ್ಲ ಎಂಬುದು ಆಮೇಲೆ ಹೊಳೆದದ್ದು, ಮೊದಲು ಬಂದದ್ದು ನಗು. ಯಾಕೆಂದರೆ ಅದು ಅಷ್ಟು ಸರಿಯಾಗಿತ್ತು. ಚಿಕ್ಕಂದಿನಲ್ಲಿ ಒಂದೇ ಹೊದಿಕೆಯ ಕೆಳಗೆ ಇಬ್ಬರೂ ಮುಸುಕು ಹಾಕಿಕೊಂಡು ಮಲಗಿರುತ್ತಿದ್ದರು. ಅವನು ಲೆಕ್ಕದ ಮೇಷ್ಟ್ರು ಸೀನುವುದನ್ನು, ಎದುರು ಮನೆಯವಳು ಬೆಕ್ಕನ್ನು ಬೈಯುವುದನ್ನು, ಗೋಡೆಯಾಚೆ ಅಪ್ಪ ಹೊಡೆಯುತ್ತಿದ್ದ ಗೊರಕೆಯನ್ನು ಅಪ್ಪನ ಗೊರಕೆಗೆ ಸರಿಯಾಗಿ ತಾಳ ಕೂಡಿಸಿ ಮಾಡುತ್ತಿದ್ದ. ಅವಳು ದಿಂಬು ಕಚ್ಚಿಕೊಳ್ಳುತ್ತಿದ್ದಳು. ನಗಬೇಡ ಕಣೇ, ಸಿಕ್ಕಿಬೀಳ್ತೀವಿ ಎನ್ನುತ್ತಲೇ ಅವಳು ನಗುವ ತನಕ ಬಿಡುತ್ತಿರಲಿಲ್ಲ. ಅಪ್ಪ ಹೋದ ಮೇಲೆ ನಿಂತಿತು. ಆಮೇಲೆ ಅವನ ಬಳಿ ಉಳಿದದ್ದು ಒಂದೇ ಧ್ವನಿ, ಅದು ಯಾರದೆಂದು ಅವಳು ಯೋಚಿಸಿರಲಿಲ್ಲ. ಈಗ ಯೋಚಿಸಿದರೆ ಅದೂ ಅಪ್ಪನದೇ.

"ನೋಡ್ರಯ್ಯಾ, ಈಯಮ್ಮನೂ ನಕ್ಕಳು!" ಸಾಹೇಬನಿಗೆ ಖುಷಿಯಾಯಿತು. "ಬಾಮ್ಮ, ಇಲ್ಲಿ ನಿಂತ್ಕೋ. ನಿಮ್ಮನೇಲೂ ಇಂಥದೊಂದು ಮುದುಕಿ ಇದೆಯಾ?"

"ಇದೆ ಸರ್," ಅಂದಳು.

ಅಣ್ಣ ಲೋಟದ ತಳವನ್ನು ನೋಡುತ್ತಿದ್ದ. ಸಾಹೇಬ ಇಬ್ಬರನ್ನೂ ನೋಡಿದ, ಅವನ ಮುಖದಲ್ಲಿ ಹೊಸ ಆಟ ಹೊಳೆದ ಮಗುವಿನ ಕಳೆ ಬಂತು. "ಈಗ ಇವಳದ್ದು ಮಾಡ್ರೀ," ಅಂದ.

"ಅಯ್ಯೋ ಸರ್, ಈಗ ತಾನೇ ನೋಡಿದ್ದು. ಹೇಗೆ ಬರುತ್ತೆ?"

"ನಿಮಗೆ ಒಂದ್ಸಲ ಕೇಳಿದ್ರೆ ಸಾಕಲ್ರೀ. ಮೊನ್ನೆ ಹೆಡ್ಡಾಫೀಸಿನವ್ರದ್ದು ಮಾಡ್ಲಿಲ್ವಾ? ಮಾಡಿ."

"ಸರ್..."

"ಮಾಡ್ರೀ ಅಂದ್ರೆ."

ಕೊನೆಯ ಮಾತಿನಲ್ಲಿ ನಗುವಿರಲಿಲ್ಲ. ಮೇಜಿನ ಉಳಿದವರಿಗೂ ಅದು ತಿಳಿಯಿತು, ಅವರು ಲೋಟಗಳನ್ನು ಸರಿಪಡಿಸಿಕೊಂಡರು. ಅವಳು ಹೊರಟುಹೋಗಬಹುದಿತ್ತು, ಕೌಂಟರಿನಲ್ಲಿ ಯಾರೋ ಕರೆಯುತ್ತಿದ್ದರು. ಅವನು ಏನು ಮಾಡುತ್ತಾನೆಂದು ಅವಳಿಗೆ ಗೊತ್ತಿತ್ತು. ಕುಡಿದವರೆಲ್ಲ ಮಾಡುವುದೇ ಅದು: ಸೊಂಟ ತಿರುಗಿಸಿ, ಧ್ವನಿ ಕೀರಲು ಮಾಡಿ, ಏನು ಕೊಡ್ಲೀ ಸಾ...ರ್ ಎಂದು ಎಳೆಯುವುದು. ಅದಕ್ಕೆ ಒಂದು ನಗು ಸಿದ್ಧವಿತ್ತು. ಅದನ್ನು ತುಟಿಗೆ ತಂದುಕೊಂಡೇ ನಿಂತಳು. ಮಾಡಿ ಮುಗಿಸಲಿ, ಪಾಪ, ಎಂದೂ ಅನ್ನಿಸಿತು. ಆ ಪಾಪ ಎಂಬುದರಲ್ಲಿ ಒಂದು ಸಣ್ಣ ಸಂತೋಷವೂ ಇತ್ತು, ಅದನ್ನು ಅವಳು ಗಮನಿಸಿದಳು.

ಅಣ್ಣ ಚೀಲವನ್ನು ತೊಡೆಯಿಂದ ತೆಗೆದು ಕೆಳಗಿಟ್ಟ. ಅವಳ ಕಡೆ ನೋಡಲಿಲ್ಲ. ಎದ್ದು ನಿಲ್ಲಲಿಲ್ಲ, ಕೈ ಆಡಿಸಲಿಲ್ಲ. ಎದುರಿನ ಗೋಡೆಗೆ ಹೇಳಿದ:

"ನಾನು ಹೊರಟೆ."

ಸ್ವಲ್ಪ ಬಿಟ್ಟು, "ಬಾಗ್ಲು ಹಾಕ್ಕೊಳ್ಳಿ." ಇನ್ನೂ ಸ್ವಲ್ಪ ಬಿಟ್ಟು, "ಹಾಕ್ಕೊಳ್ತೀರಾ?"

ದಿನವೂ ಬೆಳಿಗ್ಗೆ ಚಪ್ಪಲಿ ಮೆಟ್ಟಿ, ಹೊಸ್ತಿಲಾಚೆ ನಿಂತು, ಮನೆಯ ಒಳಗಿನ ಕಡೆಗೆ ಅವಳು ಹೇಳುವ ಮಾತು ಅದು. ಅಮ್ಮನ ರೇಡಿಯೊ ಹಾಡುತ್ತಿರುತ್ತದೆ, ಅತ್ತಿಗೆ ಪಾತ್ರೆಗಳ ನಡುವೆ ಇರುತ್ತಾಳೆ, ಅಣ್ಣ ಪೇಪರಿನ ಹಿಂದೆ. ಯಾರೂ ಏನೂ ಅನ್ನುವುದಿಲ್ಲ. ಸ್ವಲ್ಪ ಹೊತ್ತು ನಿಂತು, ತಾನೇ ಬಾಗಿಲನ್ನು ಎಳೆದುಕೊಂಡು ಹೋಗುತ್ತಾಳೆ. ಅದು ಮಾತೆಂದೇ ಅವಳಿಗೆ ಅನಿಸಿರಲಿಲ್ಲ, ಚಿಲಕದ ಶಬ್ದದಂಥದ್ದು. ಆ ಕೊನೆಯ 'ಹಾಕ್ಕೊಳ್ತೀರಾ' ಹೀಗೆ ಮೇಲಕ್ಕೆದ್ದು, ಯಾರಾದರೂ ಏನಾದರೂ ಅನ್ನಲಿ ಎಂದು ಕಾಯುತ್ತಾ ಗಾಳಿಯಲ್ಲಿ ನೇತಾಡುತ್ತದೆಂದು ಅವಳಿಗೆ ಇವತ್ತಿನವರೆಗೆ ಗೊತ್ತಿರಲಿಲ್ಲ. ಪೇಪರಿನ ಹಿಂದಿನಿಂದ ಅವನು ದಿನವೂ ಕೇಳಿದ್ದಾನೆ. ಬಾಯಿಪಾಠವಾಗುವಷ್ಟು ಕೇಳಿದ್ದಾನೆ. ತುಟಿಗೆ ತಂದುಕೊಂಡಿದ್ದ ನಗು ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ಇತ್ತು.

"ಇದೇನ್ರೀ?" ಎಂದ ಗಡ್ಡದವನು. "ಇವಳು ಎಲ್ಲಿಗೆ ಹೊರಟಳು?"

ಯಾರೂ ನಗಲಿಲ್ಲ. ಸಾಹೇಬ ಒಂದು ಮೊಟ್ಟೆಯ ಹೋಳು ಬಾಯಿಗೆ ಹಾಕಿಕೊಂಡು, "ಸಪ್ಪೆ. ಮುದುಕೀದೇ ಚೆನ್ನಾಗಿತ್ತು," ಎಂದು ತೀರ್ಪು ಕೊಟ್ಟ. ಅಣ್ಣ "ಹೌದು ಸರ್," ಎಂದ. ಗಡ್ಡದವನು ಖಾಲಿ ಲೋಟವನ್ನು ಹೆಗಲ ಮೇಲಿಂದ ಹಿಂದಕ್ಕೆ ಎತ್ತಿ ಹಿಡಿದು, "ಐಸ್," ಎಂದ. ಅವಳು ಐಸ್ ತರಲು ಹೋದಳು.

ಅವರು ಹೋದ ಮೇಲೆ ಉದ್ದಕ್ಕ ಮೂಲೆ ಮೇಜಿನ ಲೋಟಗಳನ್ನು ಎತ್ತಿಕೊಂಡು ಬಂದಳು. "ಆ ಚೀಲದವನು ಯಾರೇ? ನಿನ್ನನ್ನೇ ಅಣಕಿಸಿದ್ನಂತೆ?"

"ಯಾರೋ."

"ಕೇಳಿಸ್ಕೊಂಡು ಸುಮ್ನಿದ್ದೆಯಾ? ನಾನಾಗಿದ್ರೆ ಅವನ ಲೋಟಾನೇ ತಲೆ ಮೇಲೆ ಸುರಿತಿದ್ದೆ."

"ಚೆನ್ನಾಗೇ ಮಾಡಿದ," ಎಂದಳು ಅವಳು. ಉದ್ದಕ್ಕ ಅವಳನ್ನು ವಿಚಿತ್ರವಾಗಿ ನೋಡಿ ಒಳಗೆ ಹೋದಳು. ಯಾರೋ ಎಂದ ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂತು. ಅವನು ತನ್ನನ್ನು ಯಾರೋ ಮಾಡಿದ್ದಕ್ಕೆ ತಾನು ಅವನನ್ನು ಯಾರೋ ಮಾಡಿದೆ, ಚುಕ್ತಾ ಆಯಿತು ಎಂದುಕೊಂಡರೆ ಆಗುತ್ತಿತ್ತು. ಆದರೆ ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗಾಗಿ ಹುಡುಕಿದಳು, ಜೇಬಿನಲ್ಲಿ ಇತ್ತೆಂದುಕೊಂಡ ಚಾವಿಯನ್ನು ಹುಡುಕುವ ಹಾಗೆ. ಅಲ್ಲಿ ಸಿಕ್ಕಿದ್ದು ಬೇರೇನೋ. ಅವನು ಹಾಗೆ ಕೂತದ್ದನ್ನು, ಆ ಸಿಪ್ಪೆ ಗುಡ್ಡೆ ಮಾಡಿದ್ದನ್ನು ತಾನು ನೋಡಬಾರದಿತ್ತು. ಸ್ನಾನದ ಮನೆಯ ಬಾಗಿಲು ತಪ್ಪಿ ತೆರೆದ ಹಾಗಾಗಿತ್ತು. ತನ್ನನ್ನು ಇಲ್ಲಿ ಕಂಡದ್ದು ಅವನಿಗೆ ಅವಮಾನ ಎಂದು ಇಷ್ಟು ಹೊತ್ತೂ ಅಂದುಕೊಂಡಿದ್ದಳು. ಅವನ ಅವಮಾನ ಅದಾಗಿರಲಿಕ್ಕಿಲ್ಲ, ತಾನು ಅವನನ್ನು ಅಲ್ಲಿ ಕಂಡದ್ದಿರಬೇಕು ಎಂಬುದು ಸಂಜೆ ಬಸ್ಸಿನಲ್ಲಿ ನಿಂತಿದ್ದಾಗ, ಯಾರದೋ ಮೊಣಕೈ ಪಕ್ಕೆಗೆ ಒತ್ತುತ್ತಿದ್ದಾಗ, ತಟ್ಟನೆ ಹೊಳೆಯಿತು.

ಮನೆಗೆ ಬಂದಾಗ ಅಣ್ಣ ಆಗಲೇ ತನ್ನ ಕುರ್ಚಿಯಲ್ಲಿದ್ದ. ತಲೆನೋವು ಎಂದು ಬೇಗ ಬಂದನಂತೆ, ಅತ್ತಿಗೆ ಪಿಸುಗುಟ್ಟಿದಳು. ಊಟಕ್ಕೆ ಕೂತಾಗ ಅಮ್ಮ ಉಸಿರು ಎಳೆದುಕೊಂಡಳು. "ಬಂದಾಗ್ನಿಂದ ಇವನು ಮಾತೇ ಆಡಿಲ್ಲ ಕಣೇ. ನಾನು ಏನಾದ್ರೂ ಅಂದ್ನಾ ಅಂತ ನಂಗೇ ಥಂಶಯ..." ಅಮ್ಮ ಅಣ್ಣನನ್ನು ಅಣಕಿಸುತ್ತಿದ್ದಾಳೆ ಎನಿಸಿತು, ಮಧ್ಯಾಹ್ನದ್ದೇ ಅಸಲು, ಇದು ಅದರ ನಕಲು ಎಂಬಂತೆ. ನಗು ಮತ್ತೆ ಹೊಟ್ಟೆಯಲ್ಲಿ ಎದ್ದಿತು. ತಟ್ಟೆಯ ಮೇಲೆ ಬಾಗಿ ಅದನ್ನು ನುಂಗಿದಳು. ತಲೆಯೆತ್ತಿದರೆ ಅಣ್ಣ ಅವಳನ್ನೇ ನೋಡುತ್ತಿದ್ದ.

"ನಾಳೆಯಿಂದ ನೀನು ಕೆಲಸಕ್ಕೆ ಹೋಗ್ಬೇಡ," ಅಂದ.

ಅತ್ತಿಗೆಯ ಕೈಯ ಸೌಟು ನಿಂತಿತು. ಅಮ್ಮ, "ಯಾಕೋ? ಯಾರು ಏನಂದ್ರು?" ಅಂದಳು.

"ಯಾರೂ ಏನೂ ಅಂದಿಲ್ಲ. ಬೇಡ ಅಂದ್ರೆ ಬೇಡ."

"ನೀನು ಹೋಗ್ತೀಯಾ?" ಎಂದಳು ಅವಳು.

"ನಾನು ಎಲ್ಲಿಗೆ?"

"ನಿನ್ನ ಕೆಲಸಕ್ಕೆ."

"ಅವನ ಕೆಲಥಕ್ಕೂ ನಿಂದಕ್ಕೂ ಥಮ ಮಾಡ್ತೀಯೇನೇ?" ಎಂದಳು ಅಮ್ಮ. "ಅವನು ಆಫೀಥಿನಲ್ಲಿ ಎಲ್ಲರ ಕೈಲೂ ಥೈ ಅನ್ನಿಥ್ಕೊಂಡವನು."

ಅಣ್ಣನ ಕಣ್ಣು ಅವಳ ಮೇಲೇ ಇತ್ತು. ಆ ನೋಟವನ್ನು ಅವಳು ಮಧ್ಯಾಹ್ನ ನೋಡಿದ್ದಳು, ಆಗ ಅದು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ ಮನುಷ್ಯನ ಕಡೆಗಿತ್ತು. ಮಾಡು ಎಂದರೆ ಮಾಡುವುದಕ್ಕೂ, ಬಿಡು ಎಂದರೆ ಬಿಡುವುದಕ್ಕೂ ಕಾದು ಕೂತ ನೋಟ. ಒಂದೇ ಮಾತು ಸಾಕಿತ್ತು. ಅಮ್ಮಾ, ಆಫೀಸಿನಲ್ಲಿ ನಿನ್ನ ಹೆಸರು ಏನು ಗೊತ್ತಾ ಎಂದು ಶುರು ಮಾಡಿದರೆ ಮುಗಿಯಿತು, ಆ ಕುರ್ಚಿ, ಆ ಪೇಪರು, ಸಣ್ಣದಾಗುವ ರೇಡಿಯೊ ಎಲ್ಲ ಮುಗಿಯಿತು. ಆ ಮಾತು ನಾಲಿಗೆಯ ಮೇಲೆ ಸಿಹಿಯಾಗಿತ್ತು. ಸಾಹೇಬನಿಗೆ ಇದು ದಿನವೂ ಸಿಗುತ್ತದೆ, ಅದಕ್ಕೇ ಅಷ್ಟು ಕೊಬ್ಬಿದ್ದಾನೆ ಎಂದುಕೊಂಡಳು. "ನೀರು ಈ ಕಡೆ ಕೊಡಿ ಅತ್ತಿಗೆ," ಅಂದಳು. "ಯಾರೋ ಏನೋ ತಲೆಗೆ ತುಂಬಿರ್ಬೇಕು ಬಿಡಮ್ಮ. ನಾಳೆ ಸರಿಹೋಗುತ್ತೆ."

ಊಟವಾದ ಮೇಲೆ ಅವಳು ಹಿಂದಿನ ಮೆಟ್ಟಿಲ ಬಳಿ ಕೆಲಸದ ಅಂಗಿಯನ್ನು ಒಗೆದು ಹಿಂಡುತ್ತಿದ್ದಾಗ ಅವನು ಬಂದು ನಿಂತ. ಬಟ್ಟೆ ಒಣಗಿಸುವ ತಂತಿಯ ಕಡೆ ನೋಡಿದ.

"ಮೊದಲನೇ ಸಲ ಸುಮ್ನೆ ಮಾಡಿದ್ದು," ಅಂದ. "ಅಮ್ಮನ ಫೋನ್ ಬಂದಿತ್ತು. ಇಟ್ಟ ಮೇಲೆ ಯಾರು ಅಂತ ಕೇಳಿದ್ರು. ಹೇಳೋ ಬದಲು ಮಾಡ್ಬಿಟ್ಟೆ. ಎಲ್ಲ ನಕ್ಕರು. ಅವತ್ತಿನ ತನಕ ಅಲ್ಲಿ ಯಾರೂ ನನ್ನ ಹತ್ರ ಮಾತೇ ಆಡ್ತಿರ್ಲಿಲ್ಲ."

ಅವಳು ಅಂಗಿ ಕೊಡವಿದಳು.

"ನೀನು ನಗಬಾರದಿತ್ತು," ಅಂದ.

"ಬಂತು. ಏನ್ಮಾಡ್ಲಿ? ಅಷ್ಟು ಚೆನ್ನಾಗಿ ಯಾಕೆ ಮಾಡಿದೆ?"

ಅವನ ಮುಖದಲ್ಲಿ ಏನೋ ಸುಳಿಯಿತು. ಹೊಗಳಿಕೆಗೆ ಹಿಗ್ಗಿದನೋ, ಹಿಗ್ಗಿದ್ದಕ್ಕೆ ನಾಚಿದನೋ, ಮಬ್ಬಿನಲ್ಲಿ ತಿಳಿಯಲಿಲ್ಲ. ಅವಳು ಕೇಳಬಾರದೆಂದುಕೊಂಡಿದ್ದನ್ನು ಕೇಳಿಬಿಟ್ಟಳು: "ನಾನು ಹೊರಡೋವಾಗ ಹೇಳೋದು ದಿನಾ ಕೇಳ್ಸುತ್ತಾ ನಿಂಗೆ?"

"ಕೇಳ್ಸುತ್ತೆ."

"ಮತ್ತೆ?"

"ಏನನ್ನಬೇಕು ಅಂತ ಗೊತ್ತಾಗಲ್ಲ," ಎಂದು ಅವನು ಒಳಗೆ ಹೋದ. ಒಳಗಿನಿಂದ, ದೀಪ ಯಾಕೆ ಉರೀತಾ ಇದೆ ಎಂದು ಯಾರನ್ನೋ ಗದರಿಸಿದ್ದು ಕೇಳಿಸಿತು.

ಮರುದಿನ ಬೆಳಿಗ್ಗೆ ಹೊಸ್ತಿಲಾಚೆ ನಿಂತಾಗ ದಿನದ ಮಾತು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಹೇಳಹೊರಟರೆ ತನ್ನನ್ನೇ ಅಣಕಿಸಿದಂತಾಗುತ್ತದೆ ಎನಿಸಿತು. ತನ್ನ ಧ್ವನಿ ಈಗ ತನ್ನದಾಗಿ ಉಳಿದಿರಲಿಲ್ಲ. ಚಪ್ಪಲಿ ಮೆಟ್ಟಿ ಸುಮ್ಮನೆ ನಿಂತಳು. ಒಳಗೆ ಪೇಪರು ಮಡಚಿದ ಸದ್ದಾಯಿತು. ಅಣ್ಣ ಊಟದ ಡಬ್ಬಿ ತೆಗೆದುಕೊಂಡು, ಕಾಲಿಗೆ ಸಿಕ್ಕ ಚಪ್ಪಲಿ ಹಾಕಿಕೊಂಡು ಹೊರಗೆ ಬಂದ. ಇಷ್ಟು ಬೇಗ ಎಲ್ಲಿಗೆ ಎಂದು ಅತ್ತಿಗೆ ಒಳಗಿನಿಂದ ಕೇಳುವಷ್ಟರಲ್ಲಿ ಅವನು ಬೀದಿಗೆ ಇಳಿದಿದ್ದ. ರಸ್ತೆಯಲ್ಲಿ ಅವನು ಒಂದು ಹೆಜ್ಜೆ ಮುಂದೆ, ಅವಳು ಒಂದು ಹೆಜ್ಜೆ ಹಿಂದೆ ನಡೆದರು. ಹೋಗಬೇಡ ಎಂದು ಅವನು ಮತ್ತೆ ಹೇಳಲಿಲ್ಲ. ತಿರುವಿನಲ್ಲಿ ಒಂದು ನಾಯಿ ಅಡ್ಡ ಮಲಗಿತ್ತು, ಅವಳು ದಾಟುವ ತನಕ ಅವನು ನಿಂತ.

ಬಸ್ ನಿಲ್ದಾಣದಲ್ಲಿ ಕಂಬಕ್ಕೆ ಒರಗಿಕೊಂಡು ಗಡ್ಡದವನು ನಿಂತಿದ್ದ.

ಅವಳ ಕಾಲು ನಿಧಾನವಾಯಿತು. ಅಣ್ಣನದೂ ಆಯಿತು, ಆದರೆ ಆಗಲೇ ಗಡ್ಡದವನು ಇವರನ್ನು ನೋಡಿ ಕೈ ಎತ್ತಿದ್ದ. "ಏನ್ರೀ, ಇವತ್ತು ಇಷ್ಟು ಬೇಗ? ನಿನ್ನೇದು ಇಳೀತಾ?" ಎಂದು ನಗುತ್ತಾ ಹತ್ತಿರ ಬಂದವನು, ಪಕ್ಕದಲ್ಲಿದ್ದವಳನ್ನು ನೋಡಿ ನಗುವನ್ನು ಗಬಕ್ಕನೆ ನುಂಗಿಕೊಂಡ. ಅಣ್ಣ, "ನನ್ನ ತಂಗಿ," ಎಂದ. ಅವನು ಅದನ್ನು ಗಡ್ಡದವನ ಮುಖದಲ್ಲಿ ಗುರುತಿಲ್ಲದ್ದನ್ನು ನೋಡಿದ ಮೇಲೆ ಹೇಳಿದನೋ, ನೋಡುವ ಮೊದಲೇ ಹೇಳಿದನೋ ಎಂದು ಆಮೇಲೆ ಎಷ್ಟು ಸಲ ನೆನಪಿಗೆ ತಂದುಕೊಂಡರೂ ಅವಳಿಗೆ ತೀರ್ಮಾನಿಸಲಾಗಲಿಲ್ಲ. ಗಡ್ಡದವನಿಗಂತೂ ಗುರುತು ಸಿಗಲಿಲ್ಲ. "ನಮಸ್ಕಾರಮ್ಮ," ಎಂದು ತಲೆ ಬಗ್ಗಿಸಿ, ಅವಳು ನೆರಳಿಗೆ ನಿಲ್ಲಲೆಂದು ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಒಳ್ಳೆಯ ಮನುಷ್ಯನ ಹಾಗೆ ಕಾಣುತ್ತಿದ್ದ. ಇರಬಹುದು ಕೂಡ. ಹೆಗಲ ಹಿಂದಕ್ಕೆ ಲೋಟ ಎತ್ತುವಾಗ ಅವನು ಒಮ್ಮೆಯೂ ತಿರುಗಿರಲಿಲ್ಲ. ಸಮಾಧಾನವಾಗಬೇಕಿತ್ತು. ಆದರೆ ಅವಳಿಗೆ ನಿನ್ನೆ ಇಡೀ ದಿನ ಆಗದಿದ್ದ ನೋವು ಈಗ ಆಯಿತು.

"ನಿಮ್ಮಣ್ಣ ಇಲ್ದಿದ್ರೆ ನಮ್ಮ ಆಫೀಸು ಸಪ್ಪೆ ನೋಡಿ," ಎಂದ ಅವನು. "ಮನೇಲೂ ಹೀಗೇ ನಗಿಸ್ತಿರ್ತಾರಾ?"

"ಇಲ್ಲ ಸರ್," ಎಂದಳು.

ಸರ್ ಎಂಬುದು ತಾನಾಗಿ ಬಂದುಬಿಟ್ಟಿತು. ಬಾರಿನಲ್ಲಿ ಅದನ್ನು ಹೇಳುವಾಗ ನಾಲಿಗೆ ಕೊನೆಯಲ್ಲಿ ಸ್ವಲ್ಪ ಮಡಚುತ್ತದೆ, ಅದು ಹಾಗೆಯೇ ಬಂತು. ಗಡ್ಡದವನ ಹುಬ್ಬು ಗಂಟಾಯಿತು. ಅವನು ಮೊದಲ ಸಲ ಅವಳ ಮುಖವನ್ನು ನೋಡಿದ. "ನಿಮ್ಮನ್ನ ಎಲ್ಲೋ ನೋಡ್ದ ಹಾಗಿದೆಯಲ್ಲ," ಎಂದ. "ಬ್ಯಾಂಕಲ್ಲಾ? ನಮ್ಮ ಮಗಳ ಸ್ಕೂಲಲ್ಲಿ ಟೀಚರಾ? ಇಲ್ಲ... ಆಸ್ಪತ್ರೆ?" ಮರ್ಯಾದೆಯ ಜಾಗಗಳನ್ನೇ ಆರಿಸಿ ಆರಿಸಿ, ಯಾವುದು ಬೇಕೋ ತೆಗೆದುಕೋ ಎಂಬಂತೆ ಅವಳ ಮುಂದೆ ಇಡುತ್ತಿದ್ದ. ಯಾವುದಕ್ಕೆ ತಲೆಯಾಡಿಸಿದರೂ ನಡೆಯುತ್ತಿತ್ತು. ದೂರದಲ್ಲಿ ಅವಳ ಬಸ್ಸು ತಿರುಗುತ್ತಿತ್ತು. ಇರಬಹುದು ಎನ್ನಲು ಅವಳು ಬಾಯಿ ತೆರೆದಳು.

"ನಿನ್ನೆ ನೋಡಿದ್ರಿ," ಎಂದ ಅಣ್ಣ. "ನೀವು ಐಸ್ ಕೇಳಿದ್ರಲ್ಲ. ತಂದುಕೊಟ್ಟಳಲ್ಲ. ಇವಳೇ."

ಗಡ್ಡದವನು ಒಂದು ಗಳಿಗೆ ಅವನನ್ನೇ ನೋಡಿ, ಗಟ್ಟಿಯಾಗಿ ನಕ್ಕುಬಿಟ್ಟ. ನಿಂತವರೆಲ್ಲ ತಿರುಗಿದರು. "ಬೆಳಿಗ್ಗೆ ಬೆಳಿಗ್ಗೇನೇ ಶುರು ಮಾಡಿದ್ರಾ! ಯಾರದ್ದು ಮಾಡ್ತಿದ್ದೀರಿ ಇದು?"

"ಯಾರದ್ದೂ ಅಲ್ಲ," ಎಂದ ಅಣ್ಣ.

ಬಸ್ಸು ಬಂದು ನಿಂತಿತು. ಅವಳು ಹತ್ತಿ, ಕಿಟಕಿಯ ಪಕ್ಕ ಜಾಗ ಸಿಕ್ಕಿ ಕೂತಳು. ಗಡ್ಡದವನು ಇನ್ನೂ ನಗುತ್ತಲೇ ಇದ್ದ, ಆದರೆ ಆ ನಗುವನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಮುಖದ ಮೇಲೇ ಹೊತ್ತುಕೊಂಡು ನಿಂತಿದ್ದ. ಅಣ್ಣ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು ರಸ್ತೆಯ ಕಡೆ ನೋಡಿದ. ಅವರಿಬ್ಬರೂ ಒಟ್ಟಿಗೇ ಹೋಗಬೇಕಾದ ಬಸ್ಸು ಇನ್ನೂ ಬಂದಿರಲಿಲ್ಲ.